ಬಿದ್ದ ಮೇಲಿನ ಮೂರು ಸೆಕೆಂಡು: ಜೇಸನ್ ರಾಬಿನ್ಸನ್ ಆಡಿದ ಎರಡು ರಗ್ಬಿ

2003ರ ನವೆಂಬರ್ 22, ಸಿಡ್ನಿ. ರಗ್ಬಿ ಯೂನಿಯನ್ ವಿಶ್ವಕಪ್ ಫೈನಲ್ ಶುರುವಾಗಿ ಆರೇ ನಿಮಿಷ. ಆಸ್ಟ್ರೇಲಿಯಾದ ಸ್ಟೀಫನ್ ಲಾರ್ಕಮ್ ಚೆಂಡನ್ನು ಮೈದಾನದ ಅಡ್ಡಕ್ಕೆ ಎತ್ತರವಾಗಿ ಒದ್ದ. ಅದು ಇಳಿಯುವ ಜಾಗದಲ್ಲಿ ಇಬ್ಬರಿದ್ದರು. ಒಬ್ಬ ಸುಮಾರು 1.91 ಮೀಟರ್ ಎತ್ತರದ ಲೋಟೆ ಟುಕಿರಿ, ಇನ್ನೊಬ್ಬ ಸುಮಾರು 1.73 ಮೀಟರಿನ ಜೇಸನ್ ರಾಬಿನ್ಸನ್. ಟುಕಿರಿ ರಾಬಿನ್ಸನ್‌ನ ತಲೆಯ ಮೇಲಿಂದಲೇ ಚೆಂಡನ್ನು ಕಿತ್ತುಕೊಂಡು ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದು) ಗಳಿಸಿದ. ವಿರಾಮಕ್ಕೆ ಎರಡು ನಿಮಿಷ ಇದೆ ಎನ್ನುವಾಗ ರಾಬಿನ್ಸನ್ ಸಾಲ ತೀರಿಸಿದ. ಲಾರೆನ್ಸ್ ಡಲ್ಲಾಲಿಯೊ ಸಾಲು ಮುರಿದು ನುಗ್ಗಿ ಜಾನಿ ವಿಲ್ಕಿನ್ಸನ್‌ಗೆ ಕೊಟ್ಟ, ವಿಲ್ಕಿನ್ಸನ್ ಎಡಕ್ಕೆ ಎಸೆದ, ರಾಬಿನ್ಸನ್ ಮೂಲೆಯಲ್ಲಿ ನೆಲದ ಮೇಲೆ ಜಾರಿಕೊಂಡು ಗೆರೆ ದಾಟಿದ. ಅವನ ಬೆನ್ನ ಮೇಲಿದ್ದ ನಂಬರ್ 14, ಅಂದರೆ ಬಲ ವಿಂಗ್, ಮೈದಾನದ ಬಲ ಅಂಚಿನ ಓಟಗಾರ. ಬಲ ವಿಂಗ್‌ನವನಿಗೆ ಎಡ ಮೂಲೆಯಲ್ಲಿ ಏನು ಕೆಲಸ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಟುಕಿರಿ, ರಾಬಿನ್ಸನ್ ಇಬ್ಬರೂ ಪಳಗಿದ್ದು ರಗ್ಬಿಯ ಇನ್ನೊಂದು ಆಟವಾದ ರಗ್ಬಿ ಲೀಗ್‌ನಲ್ಲಿ. ಆ ದಿನದ ಆಸ್ಟ್ರೇಲಿಯಾ ತಂಡದಲ್ಲಿದ್ದ ವೆಂಡೆಲ್ ಸೇಲರ್, ಮ್ಯಾಟ್ ರೋಜರ್ಸ್ ಕೂಡ ಅಲ್ಲಿಂದಲೇ ಬಂದವರು. ಇಂಗ್ಲೆಂಡಿನ ರಕ್ಷಣೆಯ ಕೋಚ್ ಫಿಲ್ ಲಾರ್ಡರ್ ಮತ್ತು ಆಸ್ಟ್ರೇಲಿಯಾದ ರಕ್ಷಣೆಯ ಕೋಚ್ ಜಾನ್ ಮಗಲ್ಟನ್ ಇಬ್ಬರೂ ಲೀಗ್‌ನವರೇ. ಎಂಟು ವರ್ಷ ಹಿಂದಾಗಿದ್ದರೆ ಇವರಲ್ಲಿ ಒಬ್ಬರಿಗೂ ಯೂನಿಯನ್ ಮೈದಾನದೊಳಗೆ ಜಾಗ ಇರುತ್ತಿರಲಿಲ್ಲ.

ರಗ್ಬಿ ಎಂಬ ಹೆಸರಿನಲ್ಲಿ ಎರಡು ಆಟ ಇರುವುದಕ್ಕೆ ಕಾರಣ ಕೂಲಿ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಕೆಲಸಗಾರರು ಶನಿವಾರ ಆಡಲು ಹೋದರೆ ಆ ದಿನದ ಸಂಬಳ ಕಳೆದುಕೊಳ್ಳುತ್ತಿದ್ದರು. ಆ ನಷ್ಟಕ್ಕೆ ಆರು ಶಿಲಿಂಗ್ ತುಂಬಿಕೊಡಬೇಕು ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು, ರಗ್ಬಿ ಆಡಳಿತ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿ ಅವು ಬೇರೆಯಾದವು. 1906ರಲ್ಲಿ ಹೊಸ ಆಟ, ಅಂದರೆ ಲೀಗ್, ತಂಡಕ್ಕೆ 13 ಜನ ಎಂದು ಮಾಡಿಕೊಂಡಿತು, ಯೂನಿಯನ್ 15ರಲ್ಲೇ ಉಳಿಯಿತು. ಅಲ್ಲಿಂದ ನೂರು ವರ್ಷ ಬಾಗಿಲು ಒಂದೇ ಕಡೆಗೆ ತೆರೆಯುತ್ತಿತ್ತು. ಹಣಕ್ಕಾಗಿ ಲೀಗ್‌ಗೆ ಹೋದವನಿಗೆ ಯೂನಿಯನ್‌ನಲ್ಲಿ ಜೀವನಪರ್ಯಂತ ನಿಷೇಧ. ವೇಲ್ಸ್‌ನ ಜೊನಾಥನ್ ಡೇವಿಸ್ 1989ರ ಜನವರಿಯಲ್ಲಿ ಲನೆಲ್ಲಿ ಬಿಟ್ಟು ವಿಡ್ನೆಸ್ ಸೇರಿದಾಗ ಅದು ಹಿಂದಿರುಗಲಾಗದ ದಾರಿ ಎಂದೇ ಎಲ್ಲರೂ ತಿಳಿದಿದ್ದರು. 1995ರ ಆಗಸ್ಟ್‌ನಲ್ಲಿ ಯೂನಿಯನ್ ಕೂಡ ವೃತ್ತಿಪರವಾಯಿತು. ಆ ನವೆಂಬರ್‌ನಲ್ಲೇ ಡೇವಿಸ್ ಕಾರ್ಡಿಫ್‌ಗೆ ಮರಳಿದ.

ರಾಬಿನ್ಸನ್ ಆಗ 21ರ ಹುಡುಗ. ಹುಟ್ಟೂರು ಲೀಡ್ಸ್, ಕ್ಲಬ್ ವಿಗನ್, ಜಾಗ ವಿಂಗ್. 1995ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ಲೀಡ್ಸ್ ವಿರುದ್ಧ ಎರಡು ಟ್ರೈ ಗಳಿಸಿ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಲ್ಯಾನ್ಸ್ ಟಾಡ್ ಟ್ರೋಫಿ ಪಡೆದಿದ್ದ. ಅದೇ ವರ್ಷ ಲೀಗ್ ವಿಶ್ವಕಪ್ ಫೈನಲ್ ಕೂಡ ಆಡಿದ. ವೆಂಬ್ಲಿಯ ಆ ಪಂದ್ಯದಲ್ಲಿ ಇಂಗ್ಲೆಂಡ್ 8-16ರಿಂದ ಆಸ್ಟ್ರೇಲಿಯಾಕ್ಕೆ ಸೋತಿತು.

ಎರಡು ಆಟಗಳ ನಡುವಿನ ದೂರ ಎಷ್ಟು ಎಂದು ತಿಳಿಯಲು 1996ರ ಮೇ ತಿಂಗಳಿಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಲೀಗ್‌ನ ಬಲಿಷ್ಠ ತಂಡ ವಿಗನ್, ಯೂನಿಯನ್‌ನ ಬಲಿಷ್ಠ ತಂಡ ಬಾತ್, ಎರಡು ಪಂದ್ಯ. ಮ್ಯಾಂಚೆಸ್ಟರ್‌ನ ಮೇನ್ ರೋಡ್‌ನಲ್ಲಿ ಲೀಗ್ ನಿಯಮದಂತೆ ಆಡಿದಾಗ ವಿಗನ್ 82, ಬಾತ್ 6. ಟ್ವಿಕನಮ್‌ನಲ್ಲಿ ಯೂನಿಯನ್ ನಿಯಮದಂತೆ ಆಡಿದಾಗ ಬಾತ್ 44, ವಿಗನ್ 19. ಈ ಎರಡರ ನಡುವೆ ವಿಗನ್ ಟ್ವಿಕನಮ್‌ಗೆ ಹೋಗಿ ಮಿಡಲ್‌ಸೆಕ್ಸ್ ಸೆವೆನ್ಸ್ ಎಂಬ ಏಳು ಜನರ ಯೂನಿಯನ್ ಪಂದ್ಯಾವಳಿಯನ್ನೇ ಗೆದ್ದು ಬಂತು. ಸೆವೆನ್ಸ್‌ನಲ್ಲಿ ಸ್ಕ್ರಮ್ (ಎರಡೂ ತಂಡದವರು ಬಾಗಿ ತಳ್ಳಾಡಿ ಚೆಂಡಿಗೆ ಸೆಣಸುವುದು) ಬರೀ ಮೂರು ಜನರದು, ರಕ್‌ಗಳು (ನೆಲದಲ್ಲಿರುವ ಚೆಂಡಿನ ಮೇಲೆ ನಿಂತು ತಳ್ಳಾಡುವುದು) ಕಡಿಮೆ, ಓಡಲು ಬಯಲೇ ಬಯಲು. ಹಾಗಾದರೆ ಓಟ, ಪಾಸು, ಟ್ಯಾಕಲ್ (ಚೆಂಡು ಹೊತ್ತವನನ್ನು ಹಿಡಿದು ಕೆಡವುವುದು) ಇವೆಲ್ಲ ಒಂದು ಆಟದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತವೆ. ದಾಟದೆ ಉಳಿಯುವುದು ಸ್ಕ್ರಮ್, ಲೈನ್‌ಔಟ್ (ಪಕ್ಕದ ಗೆರೆಯಿಂದ ಎಸೆದ ಚೆಂಡಿಗೆ ಸಾಲಾಗಿ ನಿಂತು ಜಿಗಿಯುವುದು), ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಆಟಗಾರ ನೆಲಕ್ಕೆ ಬಿದ್ದ ಮೇಲಿನ ಮೂರು ಸೆಕೆಂಡು. ಒಂದು ಆಟದಿಂದ ಇನ್ನೊಂದಕ್ಕೆ ಹೋದವರ ವೃತ್ತಿ ಉಳಿಯುವುದೂ ಮುಗಿಯುವುದೂ ಆ ಮೂರು ಸೆಕೆಂಡಿನಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೀಗ್‌ನಲ್ಲಿ ಟ್ಯಾಕಲ್ ಆದ ಮೇಲೆ ಚೆಂಡು ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ರೆಫರಿ 'ಹೆಲ್ಡ್' ಎಂದ ಕೂಡಲೇ ಹಿಡಿದವರು ಬಿಡಬೇಕು. ಬಿದ್ದವನು ಎದ್ದು, ಎದುರಾಳಿಯ ಗೋಲ್ ಕಡೆ ಮುಖ ಮಾಡಿ, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಹೊರಳಿಸುತ್ತಾನೆ. ಹಿಂದೆ ಕಾದಿರುವ ಡಮ್ಮಿ ಹಾಫ್ ಅದನ್ನು ಎತ್ತಿಕೊಳ್ಳುತ್ತಾನೆ. ಎದುರಿಗೆ ಇಬ್ಬರು ಮಾರ್ಕರ್‌ಗಳು ನಿಲ್ಲಬಹುದು, ಉಳಿದವರೆಲ್ಲ 10 ಮೀಟರ್ ಹಿಂದಕ್ಕೆ ಹೋಗಬೇಕು. ಹೀಗೆ ಆರು ಟ್ಯಾಕಲ್, ಆಮೇಲೆ ಚೆಂಡು ಎದುರಾಳಿಗೆ.

ಈ ಆಟದಲ್ಲಿ ಬೆಳೆದವನ ಮೈಗೆ ಒಂದೇ ಪಾಠ ಅಂಟಿರುತ್ತದೆ: ಎಷ್ಟು ಬೇಗ ಎದ್ದೆ ಎಂಬುದೇ ಲಾಭ. ಅದಕ್ಕಾಗಿ ಅವನು ಬೀಳುವಾಗಲೇ ಹೊಟ್ಟೆ ಕೆಳಗೆ ಮಾಡಿ, ಮೊಣಕೈ ಮೊಣಕಾಲುಗಳ ಮೇಲೆ ಇಳಿಯುತ್ತಾನೆ, ಚೆಂಡನ್ನು ಎದೆಗೆ ಅವಚಿಕೊಳ್ಳುತ್ತಾನೆ, ಅಲ್ಲಿಂದ ಪುಟಿದೇಳುತ್ತಾನೆ. ರಕ್ಷಣಾ ಸಾಲು ಇನ್ನೂ ಹಿಂದಕ್ಕೆ ನಡೆಯುತ್ತಿರುವಾಗಲೇ ಚೆಂಡು ಹೊರಗೆ ಬಂದರೆ ಮುಂದಿನ ಓಟಗಾರನಿಗೆ ಹತ್ತು ಹನ್ನೆರಡು ಮೀಟರ್ ಪುಕ್ಕಟೆ ಸಿಗುತ್ತದೆ.

ಇದೇ ಭಂಗಿಯನ್ನು ಯೂನಿಯನ್‌ಗೆ ತಂದರೆ ಅನಾಹುತ. ಅಲ್ಲಿ ಬಿದ್ದವನು ತಕ್ಷಣ ಚೆಂಡು ಬಿಡಬೇಕು. ಎದುರಾಳಿ ತನ್ನ ಕಾಲ ಮೇಲೆ ನಿಂತಿದ್ದರೆ ಕೈ ಹಾಕಿ ಅದನ್ನು ಕಿತ್ತುಕೊಳ್ಳುವ ಹಕ್ಕು ಅವನಿಗಿದೆ. ಚೆಂಡು ಎದೆಗವಚಿ ಮೊಣಕಾಲ ಮೇಲೆ ಏಳಲು ಹವಣಿಸುವ ಲೀಗ್ ಹುಡುಗನ ಮೇಲೆ ಫ್ಲ್ಯಾಂಕರ್ (ಸ್ಕ್ರಮ್‌ನ ಅಂಚಿನಲ್ಲಿರುವ, ಬಿದ್ದ ಚೆಂಡಿಗೆ ಧಾವಿಸುವ ಆಟಗಾರ) ಒಬ್ಬ ಹದ್ದಿನಂತೆ ಬಾಗುತ್ತಾನೆ, ಚೆಂಡಿಗೆ ಕೈ ಹಾಕಿ ಎಳೆಯುತ್ತಾನೆ, ರೆಫರಿ ಸೀಟಿ ಊದುತ್ತಾನೆ. ಚೆಂಡು ಬಿಡದ ತಪ್ಪಿಗೆ ಪೆನಾಲ್ಟಿ, ಅಲ್ಲಿಂದ ಮೂರು ಅಂಕ. ಲೀಗ್‌ನಲ್ಲಿ ಪೆನಾಲ್ಟಿ ಒದೆತಕ್ಕೆ ಎರಡೇ ಅಂಕ, ಹಾಗಾಗಿ ಶಿಕ್ಷೆಯ ತೂಕವೂ ಇಲ್ಲಿ ಹೆಚ್ಚು.

ಯೂನಿಯನ್ ಕಲಿಸುವ ಬೀಳುವಿಕೆಯೇ ಬೇರೆ. ಡಿಕ್ಕಿ ಹೊಡೆಯುವ ಮುನ್ನ ಒಂದು ಹೆಜ್ಜೆ ಪಕ್ಕಕ್ಕೆ, ಭುಜದ ಮೇಲೆ ಇಳಿಯುವುದು, ಸೊಂಟ ತಿರುಗಿಸಿ ಮೈಯನ್ನು ಎದುರಾಳಿಗೂ ಚೆಂಡಿಗೂ ನಡುವೆ ಗೋಡೆಯಂತೆ ಅಡ್ಡ ಇಡುವುದು, ಆಮೇಲೆ ಎರಡೂ ಕೈ ಚಾಚಿ ಚೆಂಡನ್ನು ತನ್ನವರ ಕಡೆಗೆ ದೂರ ಇಡುವುದು. ಇಡೀ ಕೆಲಸಕ್ಕೆ ಸಿಗುವುದು ಒಂದು ಸೆಕೆಂಡು. ಮಿಕ್ಕ ಎರಡು ಸೆಕೆಂಡಿನಲ್ಲಿ ಜೊತೆಗಾರ ಬಂದು ರಕ್ ಮೇಲೆ ಮೈಯಿಟ್ಟು ಎದುರಾಳಿಯನ್ನು ತಳ್ಳಬೇಕು. ಲೀಗ್‌ನಿಂದ ಬಂದವನು ಇಲ್ಲಿ ಎರಡನೆಯ ಸಲ ಎಡವುತ್ತಾನೆ, ಈ ಸಲ ಚೆಂಡು ಹಿಡಿದವನಾಗಿ ಅಲ್ಲ, ಜೊತೆಗಾರನಾಗಿ. ಗೆಳೆಯ ಬಿದ್ದ ಎಂದರೆ ಲೀಗ್‌ನಲ್ಲಿ ಉಳಿದವರು ಮುಂದಿನ ಆಟಕ್ಕೆ ಜಾಗ ಹಿಡಿಯಲು ಹಿಂದೆ ಸರಿಯುತ್ತಾರೆ. ಯೂನಿಯನ್‌ನಲ್ಲಿ ಅದೇ ಕ್ಷಣ ಮುಂದೆ ಓಡಬೇಕು.

ಟ್ಯಾಕಲ್ ಮಾಡುವವನ ಕಡೆಯಿಂದಲೂ ಲೆಕ್ಕ ಬೇರೆ. ಲೀಗ್‌ನಲ್ಲಿ ಇಬ್ಬರು ಮೂವರು ಸೇರಿ ಹಿಡಿದು, ಮೇಲೆ ಒರಗಿ, ಎದುರಾಳಿ ಏಳುವುದನ್ನು ತಡ ಮಾಡಿಸುವುದು ಒಂದು ಕಲೆ. ಯೂನಿಯನ್‌ನಲ್ಲಿ ಅದೇ ಒರಗುವಿಕೆ ಪಕ್ಕಕ್ಕೆ ಉರುಳದ ತಪ್ಪು, ಮತ್ತೆ ಪೆನಾಲ್ಟಿ. ಆದರೆ ಲೀಗ್‌ನ ಇನ್ನೊಂದು ಅಭ್ಯಾಸ ಯೂನಿಯನ್‌ನಲ್ಲಿ ಚಿನ್ನದ ಬೆಲೆ ಪಡೆಯಿತು. ಚೆಂಡು ಹಿಡಿದವನನ್ನು ಕೆಳಗೆ ಬೀಳಿಸದೆ, ಚೆಂಡಿನ ಸಮೇತ ಎದೆಯ ಎತ್ತರದಲ್ಲಿ ಅಪ್ಪಿ ನಿಲ್ಲಿಸಿಬಿಡುವುದು. ಯೂನಿಯನ್‌ನಲ್ಲಿ ಹಾಗೆ ನಿಂತವನಿಗೆ ಅವನ ಜೊತೆಗಾರ ಒಬ್ಬ ಬಂದು ಅಂಟಿದರೆ ಅದು ಮಾಲ್ ಆಗುತ್ತದೆ. ಮಾಲ್‌ನಿಂದ ಚೆಂಡು ಹೊರಬರದಿದ್ದರೆ ಸ್ಕ್ರಮ್ ಸಿಗುವುದು ಸಾಮಾನ್ಯವಾಗಿ ಎದುರು ತಂಡಕ್ಕೆ. 'ಚೋಕ್ ಟ್ಯಾಕಲ್' ಎಂದು ಹೆಸರಾದ ಈ ತಂತ್ರದ ಬೇರು ಲೀಗ್ ಹಿಡಿತದಲ್ಲಿದೆ.

ಈ ಎಲ್ಲದರ ನಡುವೆ ರಾಬಿನ್ಸನ್ ಹೇಗೆ ಗೆದ್ದ? ಮೊದಲನೆಯದು, ಅವನು ಒಂದೇ ಏಟಿಗೆ ಹಾರಲಿಲ್ಲ. 1996ರಲ್ಲಿ ಇಂಗ್ಲೆಂಡಿನ ಲೀಗ್ ಆಟ ಚಳಿಗಾಲದಿಂದ ಬೇಸಿಗೆಗೆ ಸ್ಥಳಾಂತರವಾಯಿತು. ಚಳಿಗಾಲ ಖಾಲಿ ಬಿದ್ದಾಗ ವಿಗನ್‌ನ ಹೆನ್ರಿ ಪಾಲ್ ಮತ್ತು ರಾಬಿನ್ಸನ್ ಬಾತ್‌ನಲ್ಲಿ ಯೂನಿಯನ್ ಆಡಲು ಹೋದರು. ಅದು ಎರವಲು ವ್ಯವಸ್ಥೆ, ಸೋತರೂ ವಾಪಸ್ ಬರಲು ಮನೆ ಇತ್ತು. ಅಲ್ಲಿಂದ ಬಂದು ಅವನು ಮತ್ತೆ ನಾಲ್ಕು ಋತು ವಿಗನ್‌ಗೆ ಆಡಿದ. 1998ರ ಮೊದಲ ಸೂಪರ್ ಲೀಗ್ ಗ್ರ್ಯಾಂಡ್ ಫೈನಲ್‌ನಲ್ಲಿ ವಿಗನ್ ಲೀಡ್ಸ್ ವಿರುದ್ಧ 10-4ರಿಂದ ಗೆದ್ದಾಗ ವಿಗನ್‌ನ ಏಕೈಕ ಟ್ರೈ ಅವನದೇ, ಪಂದ್ಯದ ಶ್ರೇಷ್ಠ ಆಟಗಾರನ ಹ್ಯಾರಿ ಸಂಡರ್ಲೆಂಡ್ ಟ್ರೋಫಿಯೂ ಅವನದೇ. 2000ದ ಕೊನೆಯಲ್ಲಿ ಸೇಲ್ ಶಾರ್ಕ್ಸ್ ಸೇರಿ ಪೂರ್ತಿಯಾಗಿ ಯೂನಿಯನ್‌ಗೆ ಬಂದಾಗ ಅವನಿಗೆ 26.

ಎರಡನೆಯದು ಅವನ ಕಾಲು. ಲೀಗ್ ವಿಂಗರ್‌ಗಳಲ್ಲಿ ಹೆಚ್ಚಿನವರು ದೂರದಿಂದ ವೇಗ ಕಟ್ಟಿಕೊಂಡು ಬರುವವರು. ರಕ್ಷಕರು 10 ಮೀಟರ್ ಹಿಂದಿರುವುದರಿಂದ ಅದಕ್ಕೆ ಜಾಗವೂ ಇದೆ. ಯೂನಿಯನ್‌ನಲ್ಲಿ ರಕ್ಷಣಾ ಸಾಲು ರಕ್‌ನ ಕೊನೆಯ ಕಾಲಿನ ಹಿಂದೆಯೇ ನಿಂತಿರುತ್ತದೆ, ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿ ಮೂಗಿನ ಮುಂದೆ. ದೂರದ ಓಟ ನೆಚ್ಚಿದವನು ಅಲ್ಲಿ ಕಟ್ಟಿಹಾಕಿದಂತಾಗುತ್ತಾನೆ. ರಾಬಿನ್ಸನ್‌ಗೆ ಓಟದ ಹಾದಿ ಬೇಕಿರಲಿಲ್ಲ. ನಿಂತಲ್ಲಿಂದಲೇ ಎರಡು ಹೆಜ್ಜೆಗೆ ಪೂರ್ತಿ ವೇಗ. ಹೆಜ್ಜೆಗಳು ತೀರಾ ಚಿಕ್ಕವು, ತೀರಾ ಬೇಗ. ಎರಡೂ ಪಾದ ಸದಾ ಸೊಂಟದ ಅಡಿಯಲ್ಲೇ ಇರುವುದರಿಂದ ಯಾವ ಕಾಲಿನಿಂದಲಾದರೂ ಯಾವ ಕಡೆಗಾದರೂ ತಿರುಗಬಹುದು. ಉದ್ದ ಹೆಜ್ಜೆಯವನ ಕಾಲು ಗಾಳಿಯಲ್ಲಿರುವಷ್ಟು ಹೊತ್ತು ಅವನ ದಿಕ್ಕು ನಿಗದಿಯಾಗಿರುತ್ತದೆ, ರಕ್ಷಕ ಅದನ್ನು ಓದುತ್ತಾನೆ. ರಾಬಿನ್ಸನ್‌ನನ್ನು ಓದಲು ಆ ಹೊತ್ತೇ ಸಿಗುತ್ತಿರಲಿಲ್ಲ.

2001ರ ಜೂನ್ 30ರಂದು ಬ್ರಿಸ್ಬೇನ್‌ನಲ್ಲಿ ಇದನ್ನು ಇಡೀ ರಗ್ಬಿ ಲೋಕ ನೋಡಿತು. ಅದೇ ಫೆಬ್ರವರಿಯಲ್ಲಿ ಇಟಲಿ ವಿರುದ್ಧ ಬದಲಿ ಆಟಗಾರನಾಗಿ ಇಂಗ್ಲೆಂಡ್ ಪರ ಪದಾರ್ಪಣೆ ಮಾಡಿದ್ದ. ಕೆಲವೇ ತಿಂಗಳ ಯೂನಿಯನ್ ಅನುಭವದ ಮೇಲೆ ಬ್ರಿಟನ್ ಮತ್ತು ಐರ್ಲೆಂಡಿನ ಆಟಗಾರರನ್ನು ಕೂಡಿಸಿ ಕಟ್ಟುವ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡಕ್ಕೆ ಆಯ್ಕೆಯಾಗಿದ್ದ. ಮೊದಲ ಟೆಸ್ಟಿನ ಮೂರನೇ ನಿಮಿಷದಲ್ಲಿ ಎಡ ಗೆರೆಯ ಬಳಿ ಚೆಂಡು ಸಿಕ್ಕಿತು. ಎದುರಿಗೆ ಆಸ್ಟ್ರೇಲಿಯಾದ ಫುಲ್‌ಬ್ಯಾಕ್ (ಎಲ್ಲರಿಗಿಂತ ಹಿಂದೆ ನಿಲ್ಲುವವನು) ಕ್ರಿಸ್ ಲೇಥಮ್, ಪಕ್ಕದಲ್ಲಿ ಮೈದಾನದ ಅಂಚಿನ ಟಚ್ ಗೆರೆ, ನಡುವೆ ಕೆಲವೇ ಮೀಟರ್ ಜಾಗ. ಗೆರೆಯೇ ಇನ್ನೊಬ್ಬ ರಕ್ಷಕ ಎನ್ನುವಂಥ ಸಂದಿ ಅದು. ರಾಬಿನ್ಸನ್ ಭುಜ ಒಳಕ್ಕೆ ವಾಲಿಸಿದ, ಲೇಥಮ್‌ನ ತೂಕ ಒಳಗಾಲಿಗೆ ಹೋಯಿತು, ಅಷ್ಟರಲ್ಲಿ ಇವನು ಹೊರಗಿನಿಂದ ದಾಟಿದ್ದ. ಲಯನ್ಸ್ ಆ ಟೆಸ್ಟನ್ನು 29-13ರಿಂದ ಗೆದ್ದಿತು. ಸರಣಿ 2-1ರಿಂದ ಆಸ್ಟ್ರೇಲಿಯಾಕ್ಕೆ ಹೋಯಿತು, ಮೂರನೇ ಟೆಸ್ಟಿನಲ್ಲೂ ಅವನು ಟ್ರೈ ಗಳಿಸಿದ್ದ.

ಮೂರನೆಯ ಕಾರಣಕ್ಕೆ ಯಾರೂ ಸಾಕಷ್ಟು ಮಹತ್ವ ಕೊಡುವುದಿಲ್ಲ, ನನಗೆ ಇದೇ ದೊಡ್ಡದು ಎನಿಸುತ್ತದೆ. ಅವನಿಗೆ ಕೊಟ್ಟ ಜಾಗ. ವಿಂಗ್ ಮತ್ತು ಫುಲ್‌ಬ್ಯಾಕ್‌ನವರು ರಕ್‌ಗೆ ಹೋಗುವುದು ಬೇರೆಯವರಿಗಿಂತ ಕಡಿಮೆ. ಸ್ಕ್ರಮ್ ಇಲ್ಲ, ಲೈನ್‌ಔಟ್‌ನಲ್ಲಿ ಜಿಗಿಯುವುದಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಒದ್ದ ಚೆಂಡಿಗೆ ಎಲ್ಲಿ ನಿಲ್ಲಬೇಕು ಎಂಬುದು ಮುಖ್ಯವಾಗಿ. ಯೂನಿಯನ್‌ನಲ್ಲಿ ಯಾವ ಕ್ಷಣದಲ್ಲೂ ಒದೆತ ಬರಬಹುದು, ಲೀಗ್‌ನಂತೆ ಐದನೇ ಟ್ಯಾಕಲ್‌ವರೆಗೆ ಕಾಯುವುದಿಲ್ಲ. ಸಾಲಿನಲ್ಲಿ ಮುಂದೆ ನಿಲ್ಲುವುದೋ ಹಿಂದೆ ಸರಿಯುವುದೋ ಎಂದು ವಿಂಗರ್ ಪ್ರತಿ ರಕ್‌ಗೂ ಹೊಸದಾಗಿ ತೀರ್ಮಾನಿಸಬೇಕು. ಅದು ಬಿಟ್ಟರೆ ಅವನಿಗೆ ಅಲೆಯುವ ಸ್ವಾತಂತ್ರ್ಯ ಇತ್ತು. ಚೆಂಡು ತನ್ನ ಕಡೆ ಬರಲಿ ಎಂದು ಬಲ ಮೂಲೆಯಲ್ಲಿ ಕಾಯದೆ, ಚೆಂಡು ಇದ್ದಲ್ಲಿಗೆ ಹೋಗುತ್ತಿದ್ದ. ಸಿಡ್ನಿಯ ಫೈನಲ್‌ನಲ್ಲಿ ನಂಬರ್ 14 ಎಡ ಮೂಲೆಯಲ್ಲಿ ಗೆರೆ ದಾಟಿದ್ದು ಹೀಗೆ. 80 ನಿಮಿಷಕ್ಕೆ 14-14 ಆಗಿದ್ದ ಆ ಪಂದ್ಯವನ್ನು ಹೆಚ್ಚುವರಿ ಸಮಯದಲ್ಲಿ ವಿಲ್ಕಿನ್ಸನ್‌ನ ಡ್ರಾಪ್ ಗೋಲ್‌ನಿಂದ (ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದಾಗ ಒದ್ದ ಗೋಲ್) ಇಂಗ್ಲೆಂಡ್ 20-17ಕ್ಕೆ ಗೆದ್ದಿತು. ಇಂಗ್ಲೆಂಡಿನ ಒಂದೇ ಟ್ರೈ ರಾಬಿನ್ಸನ್‌ನದು.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾಮ್ ಬರ್ಗೆಸ್ ಕಥೆ ಇದೆ, ನೆನೆದರೆ ಈಗಲೂ ಬೇಸರವಾಗುತ್ತದೆ. 2014ರ ಎನ್‌ಆರ್‌ಎಲ್ (ಆಸ್ಟ್ರೇಲಿಯಾದ ಲೀಗ್ ಪಂದ್ಯಾವಳಿ) ಗ್ರ್ಯಾಂಡ್ ಫೈನಲ್‌ನ ಮೊದಲ ಡಿಕ್ಕಿಯಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡು, ಪೂರ್ತಿ ಪಂದ್ಯ ಆಡಿ, ಸೌತ್ ಸಿಡ್ನಿಗೆ ಪ್ರಶಸ್ತಿ ಗೆಲ್ಲಿಸಿ, ಶ್ರೇಷ್ಠ ಆಟಗಾರನ ಕ್ಲೈವ್ ಚರ್ಚಿಲ್ ಪದಕ ಪಡೆದವನು. ಅಲ್ಲಿಂದ ಮೂರು ವರ್ಷದ ಒಪ್ಪಂದದ ಮೇಲೆ ಬಾತ್‌ಗೆ ಬಂದ. ಕ್ಲಬ್ ಅವನನ್ನು ಫ್ಲ್ಯಾಂಕರ್ ಮಾಡಿತು, ಇಂಗ್ಲೆಂಡ್ ತಂಡ ಒಳ ಸೆಂಟರ್ ಮಾಡಿತು. ಇವು ಒಂದಕ್ಕೊಂದು ಸಂಬಂಧವಿಲ್ಲದ ಕೆಲಸ. ಫ್ಲ್ಯಾಂಕರ್‌ನ ಜೀವನವೇ ಆ ಮೂರು ಸೆಕೆಂಡು: ಯಾವ ರಕ್‌ಗೆ ಹೋಗಬೇಕು, ಯಾವುದನ್ನು ಬಿಡಬೇಕು. ಸೆಂಟರ್ ಆದರೋ ಪಾಸಿನ ಉದ್ದ, ಓಟದ ಕೋನ, ಪಕ್ಕದವನ ಜೊತೆ ಕ್ಷಣಕ್ಷಣದ ಮಾತು. ಒಂದನ್ನು ಕಲಿಯಲು ಎರಡು ಋತು ಬೇಕಾಗುವಲ್ಲಿ ಎರಡನ್ನೂ ಒಂದು ವರ್ಷದೊಳಗೆ ಕಲಿ ಎಂದರು. 2015ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ತನ್ನ ನೆಲದಲ್ಲೇ ವೇಲ್ಸ್‌ಗೆ 25-28, ಆಸ್ಟ್ರೇಲಿಯಾಕ್ಕೆ 13-33ರಿಂದ ಸೋತು ಗುಂಪಿನ ಹಂತದಲ್ಲೇ ಹೊರಬಿತ್ತು. ದೂರೆಲ್ಲ ಬರ್ಗೆಸ್ ತಲೆಗೆ ಕಟ್ಟಲಾಯಿತು. ಅವನು ಇಂಗ್ಲೆಂಡ್ ಪರ ಒಟ್ಟು ಐದು ಪಂದ್ಯ ಆಡಿ, ಆ ವರ್ಷ ಮುಗಿಯುವ ಮುನ್ನವೇ ಸೌತ್ ಸಿಡ್ನಿಗೆ ಹೊರಟ. ವೇಲ್ಸ್ ಪಂದ್ಯದಲ್ಲಿ ಅವನು ಹೊರಗೆ ಬಂದಾಗ ಇಂಗ್ಲೆಂಡ್ ಮುಂದಿತ್ತು ಎಂಬುದನ್ನು ದೂರಿದವರು ಮರೆತರು.

ಇಯೆಸ್ಟಿನ್ ಹ್ಯಾರಿಸ್‌ಗೂ ಹೀಗೇ ಆಯಿತು. 2001ರಲ್ಲಿ ಲೀಡ್ಸ್ ಬಿಟ್ಟು ಕಾರ್ಡಿಫ್‌ಗೆ ಬಂದು ಕೆಲವೇ ವಾರಗಳಲ್ಲಿ ವೇಲ್ಸ್‌ನ ಫ್ಲೈ ಹಾಫ್, ಇಡೀ ಆಟ ನಡೆಸುವ ಜಾಗ. ಅರ್ಜೆಂಟೀನಾ ವಿರುದ್ಧದ ಆ ಪಂದ್ಯ ವೇಲ್ಸ್ ಸೋತಿತು. 2004ರಲ್ಲಿ ಅವನು ಲೀಗ್‌ಗೆ ಹಿಂದಿರುಗಿದ.

ಬ್ರಾಡ್ ಥಾರ್ನ್ ಮಾತ್ರ ಬೇರೆ ಜಾತಿ. ಬ್ರಿಸ್ಬೇನ್ ಬ್ರಾಂಕೋಸ್‌ನ ಫಾರ್ವರ್ಡ್ ಆಗಿದ್ದವನು ಯೂನಿಯನ್‌ನಲ್ಲಿ ಲಾಕ್ ಆದ. ಸ್ಕ್ರಮ್ ತಳ್ಳಬೇಕು, ಲೈನ್‌ಔಟ್‌ನಲ್ಲಿ ಏಳಬೇಕು, ಪ್ರತಿ ರಕ್‌ನಲ್ಲೂ ಇರಬೇಕು, ಅಂದರೆ ಅತ್ಯಂತ ಕಷ್ಟದ ದಾಟು. ದೇಹವೂ ಬೇರೆ ಥರ ಬೇಕು. ಲೀಗ್ ಫಾರ್ವರ್ಡ್ ಒಂದು ಸೆಟ್‌ನಲ್ಲಿ (ಆರು ಟ್ಯಾಕಲ್‌ಗಳ ಸರದಿ) ಟ್ಯಾಕಲ್ ಆದಾಗಲೆಲ್ಲ 10 ಮೀಟರ್ ಹಿಂದೆ ಓಡಿ ಮುಂದೆ ಬರುತ್ತಾನೆ, ಬೇಕಾದದ್ದು ಉಸಿರು. ಯೂನಿಯನ್ ಲಾಕ್‌ಗೆ ಬೇಕಾದದ್ದು ನಿಂತಲ್ಲೇ ಭಾರ ತಡೆಯುವ ಕತ್ತು, ಬೆನ್ನು, ಮೀನಖಂಡ. ಥಾರ್ನ್ ಅವಸರ ಪಡಲಿಲ್ಲ. 2001ರಲ್ಲಿ ನ್ಯೂಜಿಲೆಂಡ್ ತಂಡ ಆಲ್ ಬ್ಲ್ಯಾಕ್ಸ್ ಆಯ್ಕೆ ಮಾಡಿದಾಗ ಬೇಡ ಎಂದ, 2003ರಲ್ಲಿ ಒಪ್ಪಿಕೊಂಡ. ಮತ್ತೆ ಬ್ರಾಂಕೋಸ್‌ಗೆ ಹೋಗಿ 2006ರ ಪ್ರಶಸ್ತಿ ಗೆದ್ದ, ಮತ್ತೆ ಯೂನಿಯನ್‌ಗೆ ಬಂದು 36ರ ವಯಸ್ಸಿನಲ್ಲಿ 2011ರ ವಿಶ್ವಕಪ್ ಗೆದ್ದ.

ವರ್ಷಗಟ್ಟಲೆ ಆಡಿದ ಮೇಲೂ ಹಳೆಯ ಅಭ್ಯಾಸ ಎಲ್ಲೋ ಒಳಗೆ ಕೂತಿರುತ್ತದೆ. ನ್ಯೂಜಿಲೆಂಡ್‌ನ ಸನ್ನಿ ಬಿಲ್ ವಿಲಿಯಮ್ಸ್ 2017ರ ಹೊತ್ತಿಗೆ ಎರಡು ಯೂನಿಯನ್ ವಿಶ್ವಕಪ್ ಗೆದ್ದಿದ್ದ. ವೆಲಿಂಗ್ಟನ್‌ನಲ್ಲಿ ಲಯನ್ಸ್ ವಿರುದ್ಧದ ಎರಡನೇ ಟೆಸ್ಟಿನ 25ನೇ ನಿಮಿಷದಲ್ಲಿ ಆಂಥನಿ ವಾಟ್ಸನ್‌ಗೆ ಕೈ ಸುತ್ತದೆ ಭುಜದಿಂದ ಗುದ್ದಿದ, ಏಟು ತಲೆಗೆ ತಗುಲಿತು, ರೆಡ್ ಕಾರ್ಡ್. ಲಯನ್ಸ್ 24-21ರಿಂದ ಗೆದ್ದಿತು. ಅವನು ಲೀಗ್‌ನಲ್ಲಿ ಬೆಳೆದ ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಭುಜದ ಏಟಿಗೆ ಅಡ್ಡಿ ಇರಲಿಲ್ಲ, ಎನ್‌ಆರ್‌ಎಲ್ ಅದನ್ನು ನಿಷೇಧಿಸಿದ್ದು 2013ರಿಂದ.

ರಾಬಿನ್ಸನ್ ಮುಂದಿನ ವರ್ಷಗಳಲ್ಲಿ ಇಂಗ್ಲೆಂಡಿನ ನಾಯಕನಾದ. 2004ರ ನವೆಂಬರ್‌ನಲ್ಲಿ ಕೆನಡಾ ವಿರುದ್ಧ 70-0 ಗೆಲುವಿನಲ್ಲಿ ನಾಯಕನಾಗಿ ಮೂರು ಟ್ರೈ ಗಳಿಸಿದ. 2006ರಲ್ಲಿ ಅವನ ನಾಯಕತ್ವದಲ್ಲಿ ಸೇಲ್ ತಂಡ ಲೆಸ್ಟರ್ ವಿರುದ್ಧ 45-20ರಿಂದ ಗೆದ್ದು ಪ್ರೀಮಿಯರ್‌ಶಿಪ್ ಪಡೆಯಿತು. 2005ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ್ದವನು ಮನಸ್ಸು ಬದಲಿಸಿ 2007ರ ವಿಶ್ವಕಪ್‌ಗೆ ಬಂದ. ದಕ್ಷಿಣ ಆಫ್ರಿಕಾ ವಿರುದ್ಧ 0-36ರಿಂದ ಸೋತ ಗುಂಪಿನ ಪಂದ್ಯದಲ್ಲಿ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು. ಚೇತರಿಸಿಕೊಂಡು ಫೈನಲ್‌ವರೆಗೂ ಆಡಿದ, ಅದೇ ಎದುರಾಳಿಗೆ 6-15ರಿಂದ ಸೋಲು. ಅದು ಅವನ 51ನೇ ಇಂಗ್ಲೆಂಡ್ ಪಂದ್ಯ. ಟ್ರೈಗಳು 28.

ಮುಂದೆ ಲೀಗ್‌ನ ಆಟಗಾರ ಯಾರಾದರೂ ಯೂನಿಯನ್‌ಗೆ ಬಂದರೆ, ಅವನ ಓಟವನ್ನು ಸ್ವಲ್ಪ ಹೊತ್ತು ಬಿಟ್ಟು ಮೊದಲ ಇಪ್ಪತ್ತು ನಿಮಿಷ ಬಿದ್ದಾಗ ಏನು ಮಾಡುತ್ತಾನೆ ಎಂದು ನೋಡಿ. ಮೊಣಕಾಲ ಮೇಲೆ ಇಳಿದನೋ, ಪಕ್ಕಕ್ಕೆ ತಿರುಗಿ ಚೆಂಡನ್ನು ಕೈ ಚಾಚಿ ಇಟ್ಟನೋ. ಪಕ್ಕದವನು ಬಿದ್ದಾಗ ಹೆಜ್ಜೆ ಹಿಂದಕ್ಕೆ ಹೋಯಿತೋ ಮುಂದಕ್ಕೋ. ಯಾವ ಜಾಗ ಕೊಟ್ಟಿದ್ದಾರೆ ಎಂಬುದನ್ನೂ ಗಮನಿಸಿ. 2024ರ ನವೆಂಬರ್‌ನಲ್ಲಿ ಜೋಸೆಫ್ ಸುಆಲಿ ಸಿಡ್ನಿ ರೂಸ್ಟರ್ಸ್ ಎಂಬ ಲೀಗ್ ತಂಡದಿಂದ ಬಂದು, ವೃತ್ತಿಪರ ಯೂನಿಯನ್‌ನಲ್ಲಿ ಒಂದೂ ಪಂದ್ಯ ಆಡದೆ, ಟ್ವಿಕನಮ್‌ನಲ್ಲಿ ನೇರ ಟೆಸ್ಟ್ ಆಡಿದ. ಆಸ್ಟ್ರೇಲಿಯಾ ಅವನಿಗೆ ಹೊರ ಸೆಂಟರ್ ಜಾಗ ಕೊಟ್ಟಿತು, ಜೊತೆಗೆ ಮೊದಲ ದಿನದಿಂದಲೇ ಮಾಡಬಲ್ಲ ಒಂದು ಕೆಲಸ ಕೊಟ್ಟಿತು: ಆಟ ಮರುಶುರುವಾಗುವಾಗ ಎತ್ತರಕ್ಕೆ ಒದ್ದ ಚೆಂಡಿನ ಹಿಂದೆ ಓಡಿ, ಜಿಗಿದು, ಗಾಳಿಯಲ್ಲೇ ಅದನ್ನು ತನ್ನವರ ಕಡೆಗೆ ತರುವುದು. ಗಾಳಿಯಲ್ಲಿ ಎರಡೂ ಆಟ ಒಂದೇ. ಆಸ್ಟ್ರೇಲಿಯಾ 42-37ರಿಂದ ಗೆದ್ದಿತು, ಪಂದ್ಯದ ಶ್ರೇಷ್ಠ ಆಟಗಾರ ಸುಆಲಿ.